ಮೊದಲ ಸ್ವರ ಹಿಡಿಸುವವರು: ಕಲಬುರಗಿಯ ಸಂಗೀತ ಕ್ಲಾಸುಗಳ ಶಿಕ್ಷಕರನ್ನು ಕುರಿತು

ಹಿರಿಯರೇ, ಸಂಗೀತ ಶಿಕ್ಷಕರೇ, ಮಕ್ಕಳನ್ನು ಕರೆತಂದಿರುವ ತಂದೆತಾಯಂದಿರೇ,

ಸಂಗೀತ ಗುರುಗಳೆಂದ ಕೂಡಲೇ ನಮಗೆ ನೆನಪಾಗುವವರು ದೊಡ್ಡ ಗಾಯಕರನ್ನು ತಯಾರು ಮಾಡಿದವರು. ನಾನು ಇಂದು ಮಾತನಾಡಲು ಬಯಸುವುದು ಬ್ರಹ್ಮಪುರದಲ್ಲಿಯೋ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿಯೋ ಬಾಡಿಗೆಯ ಎರಡು ಕೋಣೆಗಳಲ್ಲಿ ಚಾಪೆ ಹಾಸಿ, ಶಾಲೆ ಬಿಟ್ಟು ಬಂದ ಏಳೆಂಟು ವರ್ಷದ ಮಕ್ಕಳಿಗೆ ಷಡ್ಜ, ಅಂದರೆ ಮೊದಲ ಸ್ವರವಾದ ‘ಸ’, ಹಿಡಿಸುವ ಶಿಕ್ಷಕರ ಬಗ್ಗೆ. ವೇದಿಕೆ ಸಿಗದವರು ಕ್ಲಾಸು ನಡೆಸುತ್ತಾರೆ ಎಂಬ ತಾತ್ಸಾರದ ಮಾತು ನಮ್ಮ ಊರಿನಲ್ಲಿ ಆಗಾಗ ಕೇಳಿಬರುತ್ತದೆ. ಆರಂಭದ ಪಾಠ ಹೇಳುವುದು ತನ್ನದೇ ಆದ ತಯಾರಿ ಬೇಡುವ ವಿದ್ಯೆ, ಚೆನ್ನಾಗಿ ಹಾಡಬಲ್ಲವರಿಗೆಲ್ಲ ಅದು ಒಲಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಭಾಗದ ಅನೇಕ ಗವಾಯಿಗಳನ್ನು ಯಾರಲ್ಲಿ ಕಲಿತಿರಿ ಎಂದು ಕೇಳುತ್ತ ಹೋದರೆ, ಒಂದೆರಡು ತಲೆಮಾರಿನಲ್ಲಿಯೇ ಮಾತು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಂದು ನಿಲ್ಲುತ್ತದೆ. ಪಂಚಾಕ್ಷರ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ಆಶ್ರಯ, ವಿದ್ಯೆ ಮೂರನ್ನೂ ಕೊಟ್ಟವರು. ಕಣ್ಣಿಲ್ಲದ ಮಗುವಿಗೆ ಬರೆದ ಸ್ವರಲಿಪಿ ತೋರಿಸಿ ಕಲಿಸಲಾಗದು. ಅಲ್ಲಿ ಗುರುವಿನ ಕಂಠ, ಶಿಷ್ಯನ ಕಿವಿ ಇವೆರಡರಿಂದಲೇ ಪಾಠ ಸಾಗಬೇಕು. ಇನ್ನೊಂದು ಪರಂಪರೆ ಉತ್ತರದ್ದು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಮನೆತನದ ಸೊತ್ತಾಗಿದ್ದ ವಿದ್ಯೆಯನ್ನು ತರಗತಿ, ಪಠ್ಯ, ಪರೀಕ್ಷೆಗಳ ಮೂಲಕ ಸಾರ್ವಜನಿಕರಿಗೆ ಮುಟ್ಟಿಸಿದರು. ಇಂದು ಕಲಬುರಗಿಯ ಕ್ಲಾಸಿನಲ್ಲಿ ಮಗುವಿನ ಕೈಯಲ್ಲಿರುವ ನೋಟುಬುಕ್ಕು ಲಾಹೋರಿನ ಆ ಕ್ರಮದಿಂದ ಬಂದದ್ದು. ನೋಟುಬುಕ್ಕು ಮುಚ್ಚಿಡು, ಮೊದಲು ಕೇಳು ಎನ್ನುವ ಗುರುವಿನ ಮಾತಿನಲ್ಲಿ ಗದುಗಿನ ಆಶ್ರಮವಿದೆ.

ಕೇಳಿಸುವ ಈ ಕೆಲಸ ಎಷ್ಟು ಸೂಕ್ಷ್ಮವೆಂಬುದು ಪೇಟಿಯ ಮುಂದೆ ಕುಳಿತಾಗ ತಿಳಿಯುತ್ತದೆ. ಮಗು ಭೂಪ ರಾಗದ ಆರೋಹ ಅವರೋಹ ಹೇಳುತ್ತಿದೆ ಎಂದುಕೊಳ್ಳಿ. ಏರುವಾಗ ಸರಿಯಾಗಿ ಏರಿದ ಮಗು ಇಳಿಯುವಾಗ ಪಂಚಮದಿಂದ (ಪ) ಗಾಂಧಾರಕ್ಕೆ (ಗ) ಬರುವ ದಾರಿಯಲ್ಲಿ, ಆ ರಾಗದಲ್ಲಿ ಇಲ್ಲದ ಮಧ್ಯಮವನ್ನು (ಮ) ಸವರಿಕೊಂಡು ಬರುತ್ತದೆ. ಅನುಭವವಿಲ್ಲದ ಶಿಕ್ಷಕರು ತಪ್ಪೆಂದು ನಿಲ್ಲಿಸಿ, ಪೇಟಿಯಲ್ಲಿ ಗಾಂಧಾರದ ಮನೆಯನ್ನು (ಕೀಯನ್ನು) ಜೋರಾಗಿ ಒತ್ತಿ ತೋರಿಸುತ್ತಾರೆ. ಮಗು ಆ ಧ್ವನಿಗೆ ತನ್ನ ಧ್ವನಿಯನ್ನು ಅಂಟಿಸಿಕೊಂಡು ಪಾರಾಗುತ್ತದೆ. ಬಲ್ಲ ಶಿಕ್ಷಕರು ಬೆರಳುಗಳನ್ನು ಎತ್ತಿಬಿಡುತ್ತಾರೆ. ಷಡ್ಜವೊಂದನ್ನೇ ಉಳಿಸಿ, ತಾವೇ ಸಣ್ಣ ದನಿಯಲ್ಲಿ ಪಂಚಮದಿಂದ ಗಾಂಧಾರಕ್ಕೆ ಇಳಿದು, ಸುಮ್ಮನೆ ಮಗುವಿನ ಮುಖ ನೋಡುತ್ತಾರೆ. ಎರಡನೆಯ ಸಲವೋ ಮೂರನೆಯ ಸಲವೋ ಮಗು ತಾನೇ ತಡೆದು, ತಿದ್ದಿಕೊಂಡು ಹೇಳುತ್ತದೆ. ಹೀಗೆ ತಾನಾಗಿ ತಿದ್ದಿಕೊಂಡದ್ದು ಮರೆಯುವುದಿಲ್ಲ.

ಬೆರಳು ಎತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಸಪ್ತಕವನ್ನು 1200 ಸೆಂಟುಗಳೆಂದು ಅಳೆದರೆ, ತಂಬೂರಿಯ ಖರ್ಜದ, ಅಂದರೆ ಕೆಳ ಷಡ್ಜದ, ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟುಗಳ ಎತ್ತರದಲ್ಲಿರುತ್ತದೆ. ಸಮನಾದ ಹನ್ನೆರಡು ಭಾಗ ಮಾಡಿ ಶ್ರುತಿಗೂಡಿಸಿದ ಪೇಟಿಯಲ್ಲಿ ಅದು 400ಕ್ಕೆ ಹೋಗಿ ಕೂರುತ್ತದೆ. ಪೇಟಿಯನ್ನೇ ನಂಬಿ ಬೆಳೆದ ಕಿವಿಗೆ ಈ ಹದಿನಾಲ್ಕು ಸೆಂಟುಗಳ ಅಂತರ ತಿಳಿಯುವುದೇ ಇಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಶ್ರುತಿಯ ಪ್ರಶ್ನೆಯೂ ಇತ್ತು. ಪೇಟಿಯನ್ನು ಕ್ಲಾಸಿನಿಂದ ಹೊರಗಿಡಬೇಕೆಂದು ನಾನು ಹೇಳುತ್ತಿಲ್ಲ, ನಮ್ಮ ಊರುಗಳಲ್ಲಿ ಅದಿಲ್ಲದೆ ಭಜನೆಯೂ ಪಾಠವೂ ನಡೆಯಲಾರವು. ಯಾವಾಗ ನುಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ವಿವೇಕ ಇರುವ ಶಿಕ್ಷಕರನ್ನು ಗುರುತಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ನಮ್ಮ ಮಕ್ಕಳು ಖಾಲಿ ಕಿವಿಯಿಂದ ಕ್ಲಾಸಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಕಡಕೋಳ ಮಡಿವಾಳೇಶ್ವರರ ತತ್ವಪದಗಳನ್ನು ಏಕತಾರಿಯೊಂದಿಗೆ ಹಾಡುವ ಅಜ್ಜಂದಿರು, ಅಮಾವಾಸ್ಯೆಯ ಭಜನೆ, ಬಂದೇನವಾಜರ ದರ್ಗಾದ ಕವ್ವಾಲಿ, ಇವುಗಳನ್ನು ಕೇಳುತ್ತಲೇ ಮಕ್ಕಳು ಬೆಳೆದಿರುತ್ತಾರೆ. ಅದನ್ನೆಲ್ಲ ಮರೆತು ಬಾ ಎನ್ನುವ ಶಿಕ್ಷಕರಿಗಿಂತ, ಮನೆಯಲ್ಲಿ ಏನು ಹಾಡುತ್ತಾರೆ, ಹಾಡಿ ತೋರಿಸು ಎಂದು ಮೊದಲ ದಿನವೇ ಕೇಳಿ, ಆ ಪದದಲ್ಲಿರುವ ಸ್ವರಗಳನ್ನೇ ಹೆಸರು ಹಿಡಿದು ತೋರಿಸುವ ಶಿಕ್ಷಕರು ಎಷ್ಟೋ ಮುಂದಿದ್ದಾರೆ.

ತಬಲಾ ಶಿಕ್ಷಕರ ಕೆಲಸ ಇದಕ್ಕಿಂತ ಕಡಿಮೆಯದಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತೊಗಲು ಬಿಗಿದು ತಬಲದ ಸ್ವರ ಏರುತ್ತದೆ, ಮಳೆಗಾಲದ ತಂಪಿಗೆ ಇಳಿಯುತ್ತದೆ. ಸುತ್ತಿಗೆ ಹಿಡಿದು ಗಟ್ಟಾಗಳನ್ನು, ಅಂದರೆ ಪಕ್ಕದ ಮರದ ತುಂಡುಗಳನ್ನು, ಸರಿಸುತ್ತ ಶ್ರುತಿಗೆ ತರುವುದನ್ನು ನೋಡುವುದೂ ಮಕ್ಕಳಿಗೆ ಪಾಠವೇ. ತೀನತಾಲದ ಹದಿನಾರು ಮಾತ್ರೆಗಳನ್ನು ಮೊಬೈಲಿನ ತಬಲಾ ಆ್ಯಪ್ ಇಟ್ಟುಕೊಂಡು ಎಣಿಸಬಹುದು. ಆದರೆ ಖಾಲಿ ಎಂಬ ತಾಳದ ಭಾಗದಲ್ಲಿ ಡಗ್ಗಾದ (ಎಡಗೈಯ ದೊಡ್ಡ ವಾದ್ಯದ) ಗುಂಗು ಮರೆಯಾಗಿ, ಮತ್ತೆ ತುಂಬಿಕೊಂಡು ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಬರುವುದನ್ನು ಮಗು ಅನುಭವಿಸಬೇಕಾದರೆ, ತನ್ನ ಉಸಿರನ್ನು ನೋಡಿಕೊಂಡು ಸಾಥ್ ಕೊಡುವ ಮನುಷ್ಯನೊಬ್ಬ ಪಕ್ಕದಲ್ಲಿ ಕುಳಿತಿರಬೇಕು. ಗಾಯನದ ಶಿಕ್ಷಕರು, ತಬಲಾ ಶಿಕ್ಷಕರು ಒಂದೇ ಸೂರಿನಡಿ ಇದ್ದರೂ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿರುವ ಕ್ಲಾಸುಗಳಿಗೆ ನನ್ನ ವಿನಂತಿ: ವಾರಕ್ಕೊಂದು ದಿನವಾದರೂ ಆ ಬಾಗಿಲು ತೆರೆಯಿರಿ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳು ಕಲಿಕೆಗೆ ಶಿಸ್ತು ತರುತ್ತವೆ. ಆದರೆ ಸೇರಿಸಿದ ತಿಂಗಳೇ ಪರೀಕ್ಷೆ ಯಾವಾಗ, ಎಷ್ಟು ಹಾಡು ಆಯಿತು ಎಂದು ಕೇಳುವ ಪಾಲಕರು, ಷಡ್ಜಕ್ಕೆ ಬೇಕಾದ ಸಮಯವನ್ನು ಶಿಕ್ಷಕರಿಂದ ಕಿತ್ತುಕೊಳ್ಳುತ್ತಾರೆ.

ಕೊನೆಯದಾಗಿ, ಈ ಶಿಕ್ಷಕರ ಜೀವನೋಪಾಯದ ಮಾತು. ಶ್ರಾವಣ ಬಂತೆಂದರೆ ನಮ್ಮ ಊರೂರುಗಳ ಗುಡಿ ಮಠಗಳಲ್ಲಿ ಶರಣಬಸವೇಶ್ವರರ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳ ಜೊತೆಗೆ ಗವಾಯಿಗಳು, ತಬಲಾ ವಾದಕರು ಬೇಕೇ ಬೇಕು. ಆ ತಿಂಗಳು ಕ್ಲಾಸುಗಳು ತಪ್ಪುತ್ತವೆ, ಅನೇಕ ಪಾಲಕರು ಫೀಸನ್ನು ಹಿಡಿದುಕೊಳ್ಳುತ್ತಾರೆ. ಪುರಾಣದ ಸಂಭಾವನೆ, ಕ್ಲಾಸಿನ ಫೀಸು ಎರಡೂ ಕೂಡಿದಾಗ ಮಾತ್ರ ಇವರ ವರ್ಷದ ಸಂಸಾರ ನಡೆಯುತ್ತದೆ. ಆದುದರಿಂದ ಫೀಸನ್ನು ದಿನಗಳ ಲೆಕ್ಕದಲ್ಲಿ ಮುರಿಯದೆ ವರ್ಷದ ಹನ್ನೆರಡು ತಿಂಗಳೂ ಕೊಡಬೇಕೆಂದು, ಶ್ರಾವಣದಲ್ಲಿ ಒಂದು ಸಂಜೆಯಾದರೂ ಮಕ್ಕಳನ್ನು ಆ ಪುರಾಣಕ್ಕೆ ಕರೆದುಕೊಂಡು ಹೋಗಿ ಅವರ ಗುರುಗಳು ಸಭೆಯಲ್ಲಿ ಹಾಡುವುದನ್ನು ಕೇಳಿಸಬೇಕೆಂದು ಪಾಲಕರಲ್ಲಿ ಕೇಳಿಕೊಳ್ಳುತ್ತೇನೆ. ನಮಸ್ಕಾರ.