ಕುಕ್ಕರ್ ಮಾರಿದ್ದು ಯಾರು?

ಕೇಳುಗರಿಗೆ ನಮಸ್ಕಾರ.

ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಲ್ಲರೂ ಎಣಿಸುತ್ತೇವೆ. ಒಳಗಿನ ಒತ್ತಡದ ನೆನಪು ಮಾತ್ರ ಯಾರಿಗೂ ಬರುವುದಿಲ್ಲ. ವಿಷಲ್ ಕೂರುವ ತೂತಿಗೆ ಬೇಳೆ ಸಿಕ್ಕಿಕೊಂಡರೆ ಹಬೆಗೆ ದಾರಿ ಇರುವುದಿಲ್ಲ. ಆಗ ನಮ್ಮನ್ನು ಕಾಪಾಡುವುದು ಮುಚ್ಚಳದ ಮೇಲಿನ ಪುಟ್ಟ ಸೇಫ್ಟಿ ವಾಲ್ವ್. ಬಿಸಿ ಮಿತಿ ಮೀರಿದರೆ ಅದರೊಳಗಿನ ಲೋಹ ಕರಗಿ ಹಬೆಯನ್ನು ಆಚೆ ಬಿಡುತ್ತದೆ. ಅದೇ ಕಳಪೆಯಾಗಿದ್ದರೆ ಮುಚ್ಚಳ ಹಾರಿ ಸೂರಿಗೆ ಬಡಿಯಬಹುದು.

ಇದಕ್ಕೇ ಸರ್ಕಾರ 2020ರಲ್ಲಿ ಒಂದು ಆದೇಶ ಹೊರಡಿಸಿತು. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಕುಕ್ಕರ್‌ಗೆ ಐಎಸ್‌ಐ ಗುರುತು ಇರಲೇಬೇಕು. ಆದರೂ ಗುರುತಿಲ್ಲದ ಕುಕ್ಕರ್‌ಗಳು ಆನ್‌ಲೈನ್‌ನಲ್ಲಿ ಮಾರಾಟವಾದವು. 2020ರ ಜುಲೈನಲ್ಲಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಕೈಗೆತ್ತಿಕೊಂಡಿತು.

'ನಾವು ಬರೀ ವೇದಿಕೆ, ಮಾರುವವರು ಬೇರೆಯವರು' ಅನ್ನುವುದು ಆನ್‌ಲೈನ್ ಮಾರಾಟದ ಕಂಪನಿಗಳ ಹಳೇ ಮಾತು. 2022ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಅದನ್ನು ಒಪ್ಪಲಿಲ್ಲ. ಅಮೆಜಾನ್ ಮೂಲಕ 2,265 ಕುಕ್ಕರ್ ಹೋಗಿದ್ದವು. ಅದರಿಂದ ಕಂಪನಿಗೆ ಬಂದ ಶುಲ್ಕ 6 ಲಕ್ಷ ರೂಪಾಯಿಗೂ ಜಾಸ್ತಿ. ದುಡ್ಡಲ್ಲಿ ಪಾಲಿದ್ದ ಮೇಲೆ ಹೊಣೆಯಲ್ಲೂ ಪಾಲು ಬೇಕಲ್ವಾ? ಫ್ಲಿಪ್‌ಕಾರ್ಟ್‌ನದು 598 ಕುಕ್ಕರ್. ಕೊಂಡವರಿಗೆ ತಿಳಿಸಿ, ಕುಕ್ಕರ್ ವಾಪಸ್ ತೆಗೆದುಕೊಂಡು ಹಣ ಮರಳಿಸಿ ಅಂತ ಇಬ್ಬರಿಗೂ ಆದೇಶವಾಯಿತು. ಜೊತೆಗೆ ತಲಾ 1 ಲಕ್ಷ ರೂಪಾಯಿ ದಂಡ. ಎರಡೂ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಇಷ್ಟು ದೊಡ್ಡ ಕಂಪನಿಗಳಿಗೆ 1 ಲಕ್ಷ ಯಾವ ಲೆಕ್ಕ ಅಂತ ನನಗನ್ನಿಸುತ್ತದೆ. ಕೊಂಡವರನ್ನು ಹುಡುಕಿ ಹಣ ಕೊಡಬೇಕು ಅನ್ನುವುದೇ ನಿಜವಾದ ಬಿಸಿ.

ಮರುವರ್ಷ ಇನ್ನೊಂದು ವಿಚಿತ್ರ. ಕಾರಿನ ಸೀಟ್ ಬೆಲ್ಟ್ ಹಾಕದಿದ್ದರೂ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್‌ಗಳು! ಇವನ್ನು ಮಾರುತ್ತಿದ್ದ ಐದು ಆನ್‌ಲೈನ್ ತಾಣಗಳ ವಿರುದ್ಧ ಪ್ರಾಧಿಕಾರ ಆದೇಶ ಮಾಡಿತು. 13,118 ಜಾಹೀರಾತು ಪುಟಗಳು ಅಲ್ಲಿಂದ ಇಳಿದವು. ಕೊಳ್ಳುವವರಿದ್ದರು, ಅದಕ್ಕೇ ತಾನೇ ಅಷ್ಟೊಂದು ಇದ್ದದ್ದು?

ಇನ್ನು ನಮ್ಮ ಪಾಲಿನ ಕೆಲಸ. ಐಎಸ್‌ಐ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಚಿತ್ರದ ಮೇಲೆ ಮಾನದಂಡದ ಸಂಖ್ಯೆ ಇರಬೇಕು, ಕುಕ್ಕರ್‌ಗೆ ಅದು ಐಎಸ್ 2347. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ. ಆ ಸಂಖ್ಯೆಯನ್ನು, ಐಎಸ್‌ಐ ಗುರುತಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯೇ ಎಲ್ಲವೂ ಕಾಣುತ್ತದೆ. ಹೆಲ್ಮೆಟ್, ಮಕ್ಕಳ ಆಟಿಕೆಗೂ ಇದೇ ದಾರಿ. ವಿವರ ಹೊಂದದಿದ್ದರೆ ಅದೇ ಆ್ಯಪ್‌ನಲ್ಲಿ ದೂರು ಕೊಡಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಬಿಲ್ ಮಾತ್ರ ಬಿಸಾಡಬೇಡಿ, ದೂರು ಕೊಡುವಾಗ ಅದು ಬೇಕಾಗಬಹುದು. ನಮಸ್ಕಾರ.