ಅಮೆರಿಕದಲ್ಲಿ ಸ್ಟೂಡೆಂಟ್ ಅಫೇರ್ಸ್ ಸ್ನಾತಕೋತ್ತರ ಪದವಿ: ಏನು ಕಲಿಸುತ್ತಾರೆ, ಯಾರು ಓದಬಹುದು

ನಮಸ್ಕಾರ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ‘ಹೈಯರ್ ಎಜುಕೇಶನ್ ಅಂಡ್ ಸ್ಟೂಡೆಂಟ್ ಅಫೇರ್ಸ್’ ಎಂಬ ಸ್ನಾತಕೋತ್ತರ ಪದವಿ ಇದೆ. ಪೂರ್ಣಾವಧಿ ಓದಿದರೆ ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ. ಇಂಡಿಯಾನಾ, ವರ್ಮಾಂಟ್, ಕನೆಕ್ಟಿಕಟ್ ವಿಶ್ವವಿದ್ಯಾಲಯಗಳು ಈ ಓದಿಗೆ ಹೆಸರಾದವು. ಶಿಕ್ಷಣ ವಿಭಾಗದಡಿ ಬರುವ ಪದವಿಯಾದ್ದರಿಂದ ನಮ್ಮವರು ಇದನ್ನು ಎಂ.ಎಡ್. ಜೊತೆ ಸೇರಿಸಿ ನೋಡುವುದುಂಟು. ಆದರೆ ಇದನ್ನು ಓದಿದವರ ಕೆಲಸ ಪಾಠ ಹೇಳುವುದಲ್ಲ. ಹಾಸ್ಟೆಲ್‌ಗಳನ್ನು ನಡೆಸುವುದು, ಹೊಸದಾಗಿ ಬಂದವರಿಗೆ ದಾರಿ ತೋರಿಸುವುದು, ಯಾವ ವಿಷಯ ಆರಿಸಿಕೊಳ್ಳಬೇಕೆಂದು ತೋಚದವರ ಜೊತೆ ಕುಳಿತು ಯೋಚಿಸುವುದು, ಶಿಸ್ತಿನ ಪ್ರಕರಣಗಳನ್ನು ವಿಚಾರಿಸುವುದು, ವಿದೇಶಿ ವಿದ್ಯಾರ್ಥಿಗಳ ಮತ್ತು ಅಂಗವಿಕಲ ವಿದ್ಯಾರ್ಥಿಗಳ ಅಗತ್ಯಗಳನ್ನು ನೋಡಿಕೊಳ್ಳುವುದು ಅವರ ಹೊಣೆ. ಓದನ್ನು ಅರ್ಧಕ್ಕೆ ಬಿಡುವ ಎಷ್ಟೋ ಮಕ್ಕಳು ಪಾಠ ತಲೆಗೆ ಹತ್ತದೆ ಬಿಡುವುದಿಲ್ಲ, ತರಗತಿಯ ಆಚೆಗಿನ ಬದುಕಿನಲ್ಲಿ ಕೈ ಹಿಡಿಯುವವರಿಲ್ಲದೆ ಬಿಡುತ್ತಾರೆ ಎಂದು ಬಲ್ಲವರಿಗೆ ಈ ಪದವಿಯ ಅಗತ್ಯ ಬೇಗ ಅರ್ಥವಾಗುತ್ತದೆ.

[ಪರದೆಯ ಮೇಲೆ: ಈ ವೃತ್ತಿ ಹುಟ್ಟಿದ್ದು ಹೇಗೆ]

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೆಣ್ಣುಮಕ್ಕಳು ಹೆಚ್ಚಾಗಿ ಬರತೊಡಗಿದಾಗ ಅವರ ವಸತಿ ಮತ್ತು ಯೋಗಕ್ಷೇಮ ನೋಡಿಕೊಳ್ಳಲು ‘ಡೀನ್ ಆಫ್ ವಿಮೆನ್’ ಎಂಬ ಹುದ್ದೆ ಬಂತು. ಶಿಕಾಗೊ ವಿಶ್ವವಿದ್ಯಾಲಯದ ಮೇರಿಯನ್ ಟಾಲ್ಬಟ್ ಈ ಹುದ್ದೆಗೆ ವೃತ್ತಿಯ ಘನತೆ ತಂದವರಲ್ಲಿ ಪ್ರಮುಖರು. 1910ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ಈ ಕೆಲಸಕ್ಕೆಂದೇ ತರಬೇತಿ ಆರಂಭಿಸಿತು. 1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಪ್ರಕಟಿಸಿದ ‘ಸ್ಟೂಡೆಂಟ್ ಪರ್ಸನೆಲ್ ಪಾಯಿಂಟ್ ಆಫ್ ವ್ಯೂ’ ಎಂಬ ಹೇಳಿಕೆ, ವಿದ್ಯಾರ್ಥಿಯನ್ನು ಬುದ್ಧಿಯಿಂದಷ್ಟೇ ಅಳೆಯದೆ ಇಡೀ ವ್ಯಕ್ತಿಯಾಗಿ ಕಾಣಬೇಕೆಂಬ ಮಾತನ್ನು ಈ ವೃತ್ತಿಯ ತಳಹದಿಯಾಗಿಸಿತು. ಇಂದಿಗೂ ಮೊದಲ ಸೆಮಿಸ್ಟರ್‌ನಲ್ಲಿ ಅನೇಕ ಕಡೆ ಅದನ್ನು ಓದಿಸುತ್ತಾರೆ.

ಇತಿಹಾಸಕ್ಕಿಂತ ಹೆಚ್ಚಾಗಿ ಮನಸ್ಸನ್ನು ಹಿಡಿಯುವುದು ಕಾನೂನಿನ ಪಾಠ. 1960ರ ಫೆಬ್ರುವರಿಯಲ್ಲಿ ಮಾಂಟ್‌ಗಮರಿ ನಗರದ ನ್ಯಾಯಾಲಯ ಕಟ್ಟಡದಲ್ಲಿದ್ದ, ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಅಂಗಡಿಯಲ್ಲಿ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಹೋಗಿ ಕುಳಿತರು. ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರನ್ನು, ಯಾವ ತಪ್ಪಿಗೆಂದು ಸ್ಪಷ್ಟವಾಗಿ ತಿಳಿಸದೆ, ಅವರ ಮಾತನ್ನೂ ಕೇಳದೆ, ಕಾಲೇಜಿನಿಂದ ಹೊರಹಾಕಲಾಯಿತು. ವಿದ್ಯಾಸಂಸ್ಥೆ ತಂದೆತಾಯಿಯ ಸ್ಥಾನದಲ್ಲಿದೆ, ಹಾಗಾಗಿ ಮಕ್ಕಳನ್ನು ತನ್ನ ಇಷ್ಟದಂತೆ ದಂಡಿಸಬಹುದು ಎಂಬುದು ಅಲ್ಲಿಯವರೆಗೆ ನ್ಯಾಯಾಲಯಗಳು ಬಹುಮಟ್ಟಿಗೆ ಒಪ್ಪಿದ್ದ ಧೋರಣೆ. 1961ರಲ್ಲಿ ಮೇಲ್ಮನವಿ ನ್ಯಾಯಾಲಯ ‘ಡಿಕ್ಸನ್’ ಮೊಕದ್ದಮೆಯಲ್ಲಿ ಅದನ್ನು ಮುರಿಯಿತು: ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜು ದುರ್ನಡತೆಯ ಕಾರಣಕ್ಕೆ ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ಆರೋಪವನ್ನು ತಿಳಿಸಬೇಕು, ತನ್ನ ಪರವಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಈ ತೀರ್ಪಿನ ನಂತರ ಶಿಸ್ತಿನ ವಿಚಾರಣೆಯೇ ಒಂದು ವಿದ್ಯೆಯಾಗಿ ಬೆಳೆಯಿತು. ಜೊತೆಗೆ ಲಿಂಗ ತಾರತಮ್ಯವನ್ನು ನಿಷೇಧಿಸಿದ 1972ರ ‘ಟೈಟಲ್ ನೈನ್’, ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆ ಕಾಯುವ 1974ರ ‘ಫರ್ಪಾ’ ಮತ್ತು ಕ್ಯಾಂಪಸ್ಸಿನ ಅಪರಾಧಗಳ ಮಾಹಿತಿಯನ್ನು ಬಹಿರಂಗಪಡಿಸಬೇಕೆನ್ನುವ 1990ರ ‘ಕ್ಲೆರಿ’ ಕಾಯ್ದೆಗಳನ್ನೂ ಓದಬೇಕಾಗುತ್ತದೆ.

ಸಿದ್ಧಾಂತದ ಪತ್ರಿಕೆಗಳಲ್ಲಿ ಒಂದು ವಾದವಿವಾದವನ್ನು ಮಾತ್ರ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಮ್ಮ ಮಕ್ಕಳಿಗೂ ತಾಗುತ್ತದೆ. ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲಿ, ವಿದ್ಯಾರ್ಥಿ ಕಾಲೇಜಿನ ಓದಿನ ಬದುಕಿನಲ್ಲೂ ಸಾಮಾಜಿಕ ಬದುಕಿನಲ್ಲೂ ಎಷ್ಟರಮಟ್ಟಿಗೆ ಬೆರೆಯುತ್ತಾನೆ ಎಂಬುದು ಅವನು ಉಳಿಯುತ್ತಾನೋ ಬಿಡುತ್ತಾನೋ ಎಂಬುದನ್ನು ನಿರ್ಧರಿಸುತ್ತದೆ ಎಂದರು. ಹಾಗೆ ಬೆರೆಯಲು ಹಳೆಯ ನಂಟುಗಳಿಂದ ಸ್ವಲ್ಪ ಬಿಡಿಸಿಕೊಳ್ಳಬೇಕು ಎಂಬ ಅರ್ಥವೂ ಆ ಚಿಂತನೆಯೊಳಗಿತ್ತು. ನಂತರದವರು ಇದನ್ನು ಕಟುವಾಗಿ ಪ್ರಶ್ನಿಸಿದರು. ಮನೆ, ಭಾಷೆ, ಬಂಧುಬಳಗಗಳೇ ವಿದ್ಯಾರ್ಥಿಯ ಬಂಡವಾಳ, ಕಾಲೇಜು ಅದನ್ನು ಗುರುತಿಸಲು ಕಲಿಯಬೇಕು ಎಂಬುದು 2005ರಲ್ಲಿ ಶಿಕ್ಷಣ ಸಂಶೋಧಕಿ ಟಾರಾ ಯೊಸ್ಸೊ ಮಂಡಿಸಿದ ವಾದದ ತಿರುಳು. ಕನ್ನಡ ಮಾಧ್ಯಮದಲ್ಲಿ ಓದಿ, ರಾಯಚೂರಿನ ಹಳ್ಳಿಯೊಂದರಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗಿಯನ್ನು ನೆನೆದುಕೊಳ್ಳಿ. ಅವಳು ಪ್ರತಿ ಶನಿವಾರ ಮನೆಗೆ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದರೆ ಅದು ಅವಳ ದೌರ್ಬಲ್ಯವೋ ಬಲವೋ? ನನ್ನ ಮಟ್ಟಿಗೆ ಅದು ಬಲವೇ. ಅವಳೊಡನೆ ಸಲಹೆಗಾರ ಹೇಗೆ ಮಾತು ಆರಂಭಿಸುತ್ತಾನೆ ಎಂಬುದು ಈ ಪ್ರಶ್ನೆಗೆ ಅವನು ಕೊಟ್ಟುಕೊಂಡ ಉತ್ತರದ ಮೇಲೆ ನಿಂತಿರುತ್ತದೆ.

[ಪರದೆಯ ಮೇಲೆ: ಅಸಿಸ್ಟೆಂಟ್‌ಶಿಪ್]

ಇನ್ನು ಈ ಪದವಿಯ ಜೀವಾಳಕ್ಕೆ ಬರೋಣ. ವಿಶ್ವವಿದ್ಯಾಲಯದ ಹೆಸರು ಎಷ್ಟೇ ದೊಡ್ಡದಿರಲಿ, ಅದು ಕೊಡುವ ಅಸಿಸ್ಟೆಂಟ್‌ಶಿಪ್ ಎಂಥದ್ದು ಎಂಬುದನ್ನು ಮೊದಲು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಪೂರ್ಣಾವಧಿ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ವಾರಕ್ಕೆ ಸುಮಾರು 20 ಗಂಟೆ ಕ್ಯಾಂಪಸ್ಸಿನ ಯಾವುದಾದರೊಂದು ಕಚೇರಿಯಲ್ಲಿ ದುಡಿಯುತ್ತಾರೆ. ಅದಕ್ಕೆ ಪ್ರತಿಯಾಗಿ ಮಾಸಿಕ ವೇತನ, ಹಲವೆಡೆ ಬೋಧನಾ ಶುಲ್ಕದ ಪೂರ್ಣ ಅಥವಾ ಭಾಗಶಃ ಮನ್ನಾ, ಹಾಸ್ಟೆಲ್‌ನ ಹೊಣೆಯಾದರೆ ಇರಲು ಮನೆ ಮತ್ತು ಊಟವೂ ಸಿಗುವುದುಂಟು.

ಹಾಸ್ಟೆಲ್‌ನಲ್ಲಿ ರಾತ್ರಿ ಪಾಳಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಡುರಾತ್ರಿ ಕರೆ ಬರುತ್ತದೆ. ಮೂರನೆಯ ಮಹಡಿಯ ಓಣಿಯಲ್ಲಿ ಒಬ್ಬ ಹುಡುಗ ಕುಸಿದು ಕುಳಿತಿದ್ದಾನೆ. ಹೋಗಿ ನೋಡಿ, ವೈದ್ಯಕೀಯ ನೆರವು ಬೇಕೇ ಎಂದು ತೀರ್ಮಾನಿಸಿ, ಬೇಕಿದ್ದರೆ ಕರೆಸಿ, ಅವನು ಸುರಕ್ಷಿತ ಎಂದು ಖಚಿತವಾದ ಮೇಲೆ ಕೋಣೆಗೆ ಮರಳಿ ಘಟನೆಯ ವರದಿ ಬರೆಯಬೇಕು. ‘ಹುಡುಗ ಕುಡಿದಿದ್ದ’ ಎಂದು ಬರೆಯುವಂತಿಲ್ಲ. ‘ಮಾತು ತೊದಲುತ್ತಿತ್ತು, ಎದ್ದು ನಿಲ್ಲಲು ಗೋಡೆ ಹಿಡಿದುಕೊಂಡ, ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು’ ಎಂದು ಕಂಡದ್ದನ್ನಷ್ಟೇ ಬರೆಯಬೇಕು. ಮುಂದೆ ವಿಚಾರಣೆ ನಡೆಸುವವರು ತೀರ್ಮಾನಿಸಲಿ. ವರದಿ ಬರೆಯುವವರೇ ತೀರ್ಪು ಕೊಡಬಾರದು. ತರಗತಿಯಲ್ಲಿ ಓದಿದ ಡಿಕ್ಸನ್ ತೀರ್ಪು ಹೀಗೆ ರಾತ್ರಿ ಎರಡು ಗಂಟೆಯ ಒಂದು ವಾಕ್ಯದೊಳಗೆ ಕೆಲಸ ಮಾಡುತ್ತದೆ. ಅಸಿಸ್ಟೆಂಟ್‌ಶಿಪ್ ಇಲ್ಲದೆ ಈ ಪದವಿ ಓದುವುದನ್ನು, ಸಾಲ ಮಾಡಿ ಓದುವುದನ್ನಂತೂ, ನಾನು ಯಾರಿಗೂ ಸಲಹೆ ಮಾಡಲಾರೆ.

ಭಾರತದಿಂದ ಹೋಗುವವರು ಗಮನಿಸಬೇಕಾದ ಲೆಕ್ಕವೊಂದಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅಸಿಸ್ಟೆಂಟ್‌ಶಿಪ್ ಒಂದೇ ಆ ಮಿತಿಯನ್ನು ತುಂಬಿಬಿಡುತ್ತದೆ. ರಾತ್ರಿ ಪಾಳಿಯ ಗಂಟೆಗಳನ್ನು ಹೇಗೆ ಎಣಿಸುತ್ತಾರೆ, ಪದವಿಗೆ ಕಡ್ಡಾಯವಾದ ಇಂಟರ್ನ್‌ಶಿಪ್ ಎಲ್ಲಿ ಹೊಂದುತ್ತದೆ ಎಂದು ಸೇರುವ ಮೊದಲೇ ಕೇಳಿಕೊಳ್ಳಬೇಕು. ಓದು ಮುಗಿದ ಮೇಲೆ, ಓದಿದ ಕ್ಷೇತ್ರದಲ್ಲೇ ಅನುಭವ ಪಡೆಯಲು ಕೊಡುವ ‘ಒಪಿಟಿ’ ಎಂಬ ಅನುಮತಿಯ ಅಡಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಎಂಜಿನಿಯರಿಂಗ್ ಓದಿದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಈ ವಿಷಯಕ್ಕೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ. ಆರಂಭದ ಸಂಬಳವೂ ಸಾಧಾರಣವೇ. ವೀಸಾ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ವರ್ಷದ ಅಧಿಕೃತ ಮಾಹಿತಿಯನ್ನೇ ನೋಡಿ.

ಊರಿಗೆ ಮರಳಿದರೆ? ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಇದ್ದಾರೆ, ಸರ್ಕಾರಿ ಹಾಸ್ಟೆಲ್‌ಗಳಲ್ಲಿ ನಿಲಯ ಪಾಲಕರಿದ್ದಾರೆ. ಆದರೆ ಕ್ಷೇಮಪಾಲನೆ ಬಹುಪಾಲು ಅಧ್ಯಾಪಕರೊಬ್ಬರ ಹೆಗಲಿಗೆ ಬೀಳುವ ಹೆಚ್ಚುವರಿ ಹೊಣೆ, ಅದಕ್ಕೆಂದೇ ತರಬೇತಿ ವಿರಳ. ಹಾಗೆಂದು ನಮ್ಮ ನೆಲಕ್ಕೆ ಈ ಕಾಳಜಿ ಹೊಸದಲ್ಲ: ವಾರಾನ್ನದ ಮನೆಗಳು ಮತ್ತು ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯಗಳು ಇಲ್ಲದಿದ್ದರೆ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರರು ಓದುತ್ತಲೇ ಇರಲಿಲ್ಲ. ಈಗ ನಿಯಮಗಳೂ ಬಂದಿವೆ. ರ‍್ಯಾಗಿಂಗ್ ತಡೆಗೆ ಯುಜಿಸಿಯ 2009ರ ನಿಯಮಾವಳಿ, ದೂರುಗಳನ್ನು ಆಲಿಸಲು ಓಂಬಡ್ಸ್‌ಪರ್ಸನ್ ನೇಮಿಸಬೇಕೆನ್ನುವ 2023ರ ನಿಯಮಾವಳಿ ಜಾರಿಯಲ್ಲಿವೆ. ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಬಗ್ಗೆ ವರದಿ ನೀಡಲು ಸುಪ್ರೀಂ ಕೋರ್ಟ್ 2025ರಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅಗತ್ಯ ಎದ್ದು ಕಾಣುತ್ತಿದೆ, ಹುದ್ದೆಗಳು ಮಾತ್ರ ಇನ್ನೂ ಹುಟ್ಟಬೇಕಿವೆ. ಇಂದು ಮರಳುವವರಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚಿರುವುದು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ.

ಅರ್ಜಿಯ ಕಾಲ ಸಾಮಾನ್ಯವಾಗಿ ಡಿಸೆಂಬರ್, ಜನವರಿ. ಅನೇಕ ಕಡೆ ಈಗ ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಕೇಳುವುದಿಲ್ಲ. ನಿಮ್ಮ ಉದ್ದೇಶ ಪತ್ರದಲ್ಲಿ ಎನ್‌ಎಸ್‌ಎಸ್ ಶಿಬಿರ ನಡೆಸಿದ್ದು, ಹಾಸ್ಟೆಲ್‌ನ ಮೆಸ್ ಸಮಿತಿಯಲ್ಲಿದ್ದು ಒಂದು ಜಗಳ ಬಗೆಹರಿಸಿದ್ದು, ಇಂಥವನ್ನು ಸಂಕೋಚವಿಲ್ಲದೆ ವಿವರವಾಗಿ ಬರೆಯಿರಿ. ಅಸಿಸ್ಟೆಂಟ್‌ಶಿಪ್‌ಗೆ ಬೇರೆಯೇ ಸಂದರ್ಶನವಿರುತ್ತದೆ. ಆರ್ಥಿಕ ನೆರವಿನ ಜೊತೆಗೆ ಸೀಟು ಸಿಕ್ಕಿದರೆ, ಸ್ನಾತಕೋತ್ತರ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರಿಸಬೇಕೆಂದು ಒತ್ತಾಯಿಸುವಂತಿಲ್ಲ. ಆ ಸಮಯವನ್ನು ಅಲ್ಲಿ ಎರಡನೆಯ ವರ್ಷದಲ್ಲಿರುವವರ ಜೊತೆ ಮಾತಾಡಲು ಬಳಸಿ. ವಾರಕ್ಕೆ ಎಷ್ಟು ರಾತ್ರಿ ಪಾಳಿ ಬರುತ್ತದೆ, ಬೇಸಿಗೆ ರಜೆಯಲ್ಲಿ ವೇತನ ನಿಲ್ಲುತ್ತದೆಯೇ, ಮನ್ನಾ ಆದ ಮೇಲೂ ಕೈಯಿಂದ ಕಟ್ಟಬೇಕಾದ ಶುಲ್ಕ ಎಷ್ಟು, ಆರೋಗ್ಯ ವಿಮೆ ಯಾರ ಖರ್ಚು ಎಂದು ಕೇಳಿ, ಉತ್ತರಗಳನ್ನು ಬರೆದುಕೊಂಡ ಮೇಲೆ ಒಪ್ಪಿಗೆ ಕಳಿಸಿ.