ಮದುವೆ ಮನೆಯ ಮಣೆ

ಕೇಳುಗರಿಗೆ ನಮಸ್ಕಾರ.

ಹೋದ ವೈಶಾಖದಲ್ಲಿ ನಮ್ಮ ಅಣ್ಣನ ಮಗಳ ಮದುವೆ ಆಯಿತು. ಕೊಪ್ಪಳದ ಹತ್ತಿರ ನಮ್ಮ ಊರಲ್ಲೇ, ಮನೆ ಮುಂದೆ ಹಂದರ ಹಾಕಿ. ಅದಕ್ಕೆ ನಾಲ್ಕು ತಿಂಗಳು ಮುಂಚೆ ಒಂದು ಸಂಜೆ ಹುಡುಗಿ ಮೊಬೈಲ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. "ಅತ್ತಿ, ಇಂಥಾ ಮದುವಿ ಮಾಡೂಣು" ಅಂದಳು. ನೋಡಿದರೆ ಯಾವುದೋ ಸಮುದ್ರದ ದಂಡೆ, ಬಿಳಿ ಪರದೆ, ಗಾಜಿನ ಬುಡ್ಡಿಯೊಳಗೆ ದೀಪ, ಕೈಯಲ್ಲಿ ಬರೆದ ಹೆಸರಿನ ಚೀಟಿ. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. "ಸಮುದ್ರ ಎಲ್ಲಿಂದ ತರೂಣವ್ವಾ?" ಅಂದೆ. "ಸಮುದ್ರ ಬ್ಯಾಡ ಬಿಡ್ರಿ, ಕೈಲೆ ಮಾಡಿದ್ದು ಬೇಕು" ಅಂದಳು.

ನನಗೆ ನಗು ಬಂತು. ನಮ್ಮ ಅಜ್ಜಿಯ ಮದುವೆಯಲ್ಲಿ ಕೈಯಿಂದ ಮಾಡದ್ದು ಏನಿತ್ತು ಅಂತ ಲೆಕ್ಕ ಹಾಕಿದರೆ ಬಾಡಿಗೆಯ ಗ್ಯಾಸ್‌ಬತ್ತಿ ಒಂದೇ ನೆನಪಾಗುತ್ತದೆ.

ಆದರೆ ಎಲ್ಲವನ್ನೂ ಕೈಯಿಂದಲೇ ಅಂತ ಹೊರಟರೆ ಮನೆಯವರು ಮದುವೆಗೆ ಮುಂಚೆಯೇ ಮಲಗಿಬಿಡುತ್ತಾರೆ. ಅದಕ್ಕೆ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಮದುವೆಯಲ್ಲಿ ಯಾವ ವಸ್ತುವಿಗೆ ಕೆಲಸ ಇದೆಯೋ ಅದನ್ನು ಮಾತ್ರ ಬಲ್ಲವರ ಕೈಲಿ ಮಾಡಿಸೋಣ. ಕೂರುವುದು, ಉಡುವುದು, ತುಂಬುವುದು, ಕಟ್ಟುವುದು. ಸುಮ್ನೆ ನೋಡಲಿಕ್ಕೆ ನಿಲ್ಲಿಸುವುದಕ್ಕೆ ದುಡ್ಡು ಹಾಕುವುದು ಬೇಡ.

ಮೊದಲು ಮಣೆ. ಮದುವೆಯ ದಿನ ಮದುಮಕ್ಕಳು ಜಾಸ್ತಿ ಹೊತ್ತು ಇರುವುದು ಎಲ್ಲಿ? ಮಣೆಯ ಮೇಲೆ ಅಲ್ವಾ? ನಾವು ಅದನ್ನೇ ಮರೆತು ಹಿಂದಿನ ಪರದೆಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಕೊಪ್ಪಳದಿಂದ ಸುಮಾರು 13 ಕಿಲೋಮೀಟರ್ ಹೋದರೆ ಕಿನ್ನಾಳ. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಗೊಂಬೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆ ದೇವರ ಪಲ್ಲಕ್ಕಿ, ತೊಟ್ಟಿಲು, ಮಣೆ ಇವೆಲ್ಲ ಅದೇ ಕೈಗಳಿಂದ ಬಂದವು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರ ಬರೆದವರು ನಮ್ಮ ಹಿರಿಯರೇ ಅಂತ ಅಲ್ಲಿ ಹೇಳುತ್ತಾರೆ.

ನಾವು ಹೋದಾಗ ಒಬ್ಬ ಹಿರಿಯರು ಜಗಲಿ ಮೇಲೆ ಕೂತು ಗರುಡನ ರೆಕ್ಕೆಗೆ ಬಣ್ಣ ಹಚ್ಚುತ್ತಿದ್ದರು. ಮರ ಹಗುರದ್ದು. ತುಂಡುಗಳನ್ನು ಹುಣಸೆಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ನೆನೆಸಿದ ಗೋಣಿಚಿಂದಿಯನ್ನು ಒಣಗಿಸಿ ಪುಡಿ ಮಾಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಕಲಸಿದರೆ ಅದು ಕಿಟ್ಟ. ಅದನ್ನು ಮೈತುಂಬ ಬಳಿದು, ಮೇಲೆ ಅರಿವೆ ತುಂಡು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ. ಆಮೇಲೆ ಬಣ್ಣ. ಗೊಂಬೆಯ ಮೈಮೇಲಿನ ಸರ, ಡಾಬು ಎಲ್ಲ ಉಬ್ಬಿಕೊಂಡು ಕಾಣುತ್ತವಲ್ಲ, ಅದೂ ಕಲ್ಲುಪುಡಿ ಮತ್ತು ಅಂಟು. ಹುಡುಗಿ ಫೋನು ಒಳಗಿಟ್ಟು ನೋಡುತ್ತಾ ನಿಂತಳು.

"ಮದುವಿ ಯಾವಾಗ?" ಕೇಳಿದರು. ಹೇಳಿದೆವು. "ಮೊದಲ ಬಂದೀರಿ, ಚಲೋ ಆತು. ಮಂದಿ ಎಂಟು ದಿನ ಇದ್ದಾಗ ಬರತಾರ. ಒಣಗಬೇಕಲ್ರಿ" ಅಂದರು. ಮಣೆಗೆ ಏನು ಬರೆಯಲಿ ಅಂತ ಕೇಳಿದಾಗ ನಮ್ಮ ಹುಡುಗಿ ಇಬ್ಬರ ಹೆಸರು ಇಂಗ್ಲಿಷಿನಲ್ಲಿ ಅಂದಳು. ಅವರು ಒಂದು ಗಳಿಗೆ ಸುಮ್ಮನಿದ್ದು, "ಹೆಸರಿನ ಮ್ಯಾಲ ಕುಂದರತೀಯೇನವಾ?" ಅಂದರು. ಹೆಸರು ಹೋಯಿತು, ಅಂಚಿಗೆ ಬಳ್ಳಿ, ನಡುವೆ ಗಿಳಿಗಳು ಬಂದವು. ಎರಡು ಮಣೆ. ಈಗ ಒಂದರ ಮೇಲೆ ಅವಳ ಮನೆಯ ದೇವರು ಕೂತಿದ್ದಾನೆ.

ಇನ್ನು ಉಡುವುದು. ಹುಡುಗಿಯ ತಾಯಿಗೆ ಭಾರದ ರೇಷ್ಮೆಯೇ ಆಗಬೇಕು ಅಂತ ಹಟ. ಅಕ್ಕಿಕಾಳು ಬೀಳುವ ಹೊತ್ತಿಗೆ ಅದೇ ಇರಲಿ ಅಂದೆವು. ಅರಿಶಿಣಕ್ಕೆ, ಸುರಗಿಯ ಶಾಸ್ತ್ರಕ್ಕೆ ಮಾತ್ರ ಇಳಕಲ್ ಸೀರೆ. ಇಳಕಲ್ ಬಾಗಲಕೋಟೆ ಜಿಲ್ಲೆಯದಾದರೂ ನಮ್ಮ ಕುಷ್ಟಗಿಯಿಂದ ಎಷ್ಟು ದೂರ? ಈ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಒಡಲಿನ ಹಾಸು, ಅಂದರೆ ಉದ್ದುದ್ದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿ ತೆನೆ ಏಳುವುದು ಆಮೇಲೆ. ಅದು ಟೋಪಿ ತೆನಿ.

ನನ್ನ ಅವ್ವನ ಪೆಟ್ಟಿಗೆಯಲ್ಲಿ ಒಂದು ಚಂದ್ರಕಾಳಿ ಸೀರೆ ಇತ್ತು. ಕರಿ ಒಡಲು, ತುಂಬ ಕಸೂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವ ಕಸೂತಿ ಅದು. ಗವಂತಿ ಹೊಲಿಗೆಯಲ್ಲಿ ಹಿಂದೆ ಯಾವುದು, ಮುಂದೆ ಯಾವುದು ಗೊತ್ತಾಗುವುದಿಲ್ಲ. ಒಡಲು ಅಲ್ಲಲ್ಲಿ ಹರಿದಿತ್ತು. ಒಂದು ಗೋಪುರ, ಎರಡು ಆನೆ ಗಟ್ಟಿಯಾಗಿ ಉಳಿದಿದ್ದವು. ಅವನ್ನು ಕತ್ತರಿಸಿ ಗುಳೇದಗುಡ್ಡ ಖಣದ ಕುಪ್ಪಸದ ತೋಳಿಗೆ ಕೂಡಿಸಿದೆವು. ಕತ್ತರಿ ಹಾಕುವಾಗ ನನ್ನ ಕೈ ನಡುಗಿತು. ನಿಜ ಹೇಳಬೇಕೆಂದರೆ ಇವತ್ತಿಗೂ ಅದು ಸರಿಯೋ ತಪ್ಪೋ ಅಂತ ಅನಿಸುತ್ತಲೇ ಇದೆ.

ಮದುವೆಯ ಶಾಸ್ತ್ರಕ್ಕೆ ಬೇಕಾದ ಐರಾಣಿ ಗಡಿಗೆ ಕುಂಬಾರರ ಮನೆಯಿಂದ ಬಂದವು. ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದ ಗಡಿಗೆಗಳು. ಆರತಿ ಹಿಡಿದು, ಹಲಗೆ ಬಾರಿಸಿಕೊಂಡು ಓಣಿಯ ಹೆಂಗಸರೆಲ್ಲ ಹೋಗಿ ತಂದರು. ಬೀಗರ ಕಡೆಯ ಬೆಂಗಳೂರಿನ ಹುಡುಗಿಯರು ಬಹಳ ಫೋಟೋ ತೆಗೆದದ್ದು ಇದನ್ನೇ. ದಂಡೆಗೆ ಹೂವು ಹಡಗಲಿಯ ಮಲ್ಲಿಗೆ. ಊಟಕ್ಕೆ ಗಂಗಾವತಿಯ ಸೋನಾ ಮಸೂರಿ, ಗೋಧಿ ಹುಗ್ಗಿ, ಎಣ್ಣೆಗಾಯಿ. ಅದರ ಬಗ್ಗೆ ಮಾತು ಬೇಡ, ಬಾಯಲ್ಲಿ ನೀರು ಬರುತ್ತದೆ.

ಈಗ ನಮ್ಮ ಕರಾರು ಮುರಿದ ಕಥೆ. ನಮ್ಮ ಅಣ್ಣನಿಗೆ ತಡೆಯಲಿಲ್ಲ. "ಮಂದಿ ಏನಂದಾರು" ಅಂತ ನಮಗೆ ಹೇಳದೆ ಅಲಂಕಾರದವರೊಬ್ಬರಿಗೆ ಮುಂಗಡ ಕೊಟ್ಟಿದ್ದ. ಅವರು ಹಿಂದಿನ ದಿನ ಬಂದು ಓಣಿಯ ಬಾಯಿಗೆ ಥರ್ಮಾಕೋಲಿನ ಕಮಾನು ನಿಲ್ಲಿಸಿದರು. ಎರಡು ಆಳೆತ್ತರ, ಬಂಗಾರದ ಬಣ್ಣ, ಮೇಲೆ ನವಿಲು. ಬುಡಕ್ಕೆ ನಾಲ್ಕು ಇಟ್ಟಿಗೆ. ವೈಶಾಖದ ಸಂಜೆ ನಮ್ಮ ಕಡೆ ಗಾಳಿ ಹೇಗೆ ಏಳುತ್ತದೆ ಅಂತ ನಿಮಗೆ ಗೊತ್ತು. ಮೊದಲು ಕೆಂಪು ಧೂಳು, ಹಿಂದೆಯೇ ನಾಲ್ಕು ದಪ್ಪ ಹನಿ. ಕಮಾನು ಎದ್ದು ಹೋಗಿ ಎದುರು ಮನೆಯ ಬಣವೆಯ ಮೇಲೆ ಮಲಗಿತು. ನವಿಲು ಮರುದಿನ ಹಳ್ಳದಲ್ಲಿ ಸಿಕ್ಕಿತು. ಹಂದರ ಮಾತ್ರ ಅಲುಗಲಿಲ್ಲ. ಓಣಿಯ ಗಂಡಸರು ಕಂಬ ಹುಗಿದು, ಬೇವಿನ ತಪ್ಪಲು ಹೊಚ್ಚಿ ಹಗ್ಗದಲ್ಲಿ ಬಿಗಿದಿದ್ದರು. ಹಾಲುಗಂಬವನ್ನು ಪೂಜೆ ಮಾಡಿ ಮೊಳಕಾಲುದ್ದ ಹುಗಿದಿದ್ದರು.

ಮದುವೆಗೆ ಹೋಗುವವರು ಏನು ಉಡಬೇಕು? ನಮ್ಮ ಬಿಸಿಲಿಗೆ ಹತ್ತಿ ಉಡಿ. ಅಷ್ಟೇ ನನ್ನ ಉಪದೇಶ. ಮದುಮಗನ ಗೆಳೆಯರು ಬಳ್ಳಾರಿಯ ಜೀನ್ಸ್ ಮೇಲೆ ದಪ್ಪ ಕೋಟು ಹಾಕಿಕೊಂಡು ಬಂದು, ಹನ್ನೊಂದು ಗಂಟೆಗೆಲ್ಲ ಕೋಟು ಕಳಚಿ ಬೀಸಣಿಗೆ ಮಾಡಿಕೊಂಡರು. ದೋತರ ಉಟ್ಟ ಅಜ್ಜಂದಿರು ಆರಾಮಾಗಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು.

ಬಟ್ಟೆಯ ಮಾತು ಬಂದ ಮೇಲೆ ಆಯೇರಿ, ಅಂದರೆ ಉಡುಗೊರೆಯ ಸೀರೆಯನ್ನು ಬಿಡಲಾದೀತೇ? ಮೂರು ವರ್ಷದ ಹಿಂದೆ ಒಂದು ಮದುವೆಯಲ್ಲಿ ನಾನು ಕೊಟ್ಟ ನೀಲಿ ಸೀರೆ, ಅದೇ ಮಡಿಕೆ, ಅದೇ ಕವರಿನಲ್ಲಿ, ಈ ಮದುವೆಯಲ್ಲಿ ನನಗೇ ಆಯೇರಿಯಾಗಿ ಬಂತು! ಯಾರೂ ಉಡದ ಸೀರೆ ಊರೂರು ತಿರುಗಿ ಮನೆ ಸೇರಿತು. ಅದಕ್ಕೇ ನಾವು ಹೆಣ್ಣುಮಕ್ಕಳಿಗೆ ಸೀರೆಯ ಬದಲು ಸಂಡೂರಿನ ಲಂಬಾಣಿ ಕಸೂತಿಯ ಸಣ್ಣ ಚೀಲ ಕೊಟ್ಟೆವು. ಕನ್ನಡಿ, ಕವಡೆ, ಕೆಂಪು ನೀಲಿ ದಾರದ್ದು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ದರಲ್ಲ, ಅದೇ ಕಸೂತಿ. ಸೀರೆಗಿಂತ ಬೆಲೆ ಜಾಸ್ತಿಯೇನೂ ಆಗಲಿಲ್ಲ. ಮೊನ್ನೆ ಕೊಪ್ಪಳದ ಸಂತೆಯಲ್ಲಿ ಆ ಚೀಲದೊಳಗಿಂದ ದುಡ್ಡು ತೆಗೆದು ಬದನೆಕಾಯಿ ಕೊಳ್ಳುತ್ತಿದ್ದ ನಮ್ಮ ಬೀಗತಿಯನ್ನು ನೋಡಿದೆ.

ಕೊನೆಗೆ ಒಡಪು. ಗಂಡನ ಹೆಸರು ಹೇಳಲೇಬೇಕು ಅಂತ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಹಳೆಯ ಒಡಪು ನಾನು ಹೇಳಿಕೊಡುತ್ತೇನೆ ಅಂದೆ. "ಬ್ಯಾಡ ಅತ್ತಿ, ನಂದ ನಾ ಕಟ್ಟೇನಿ" ಅಂದಳು. ಕಮಾನಿನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿ ಶುರುಮಾಡಿದಳು:

"ಗಾಳಿ ಬಂತು, ಕಮಾನು ಬಿತ್ತು, ಹಂದರ ನಿಂತೈತಿ,
ಕಿನ್ನಾಳ ಮಣಿ ಮ್ಯಾಲ ನನ್ನ ಜೋಡಿ ಕುಂತೈತಿ,
ಹೆಸರ ಹೇಳಂದ್ರ ನನಗ ನಾಚಿಕಿ ಬಂದೈತಿ..."

ಆಮೇಲೆ ಹೆಸರು ಹೇಳಿದಳು. ನಮ್ಮ ಅಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕ. ಆ ಹೆಸರನ್ನು ಮಾತ್ರ ನಾನು ರೇಡಿಯೋದಲ್ಲಿ ಹೇಳುವುದಿಲ್ಲ. ಅದು ಅವಳೇ ಹೇಳಬೇಕಾದದ್ದು.

ನಮಸ್ಕಾರ.